ವೈನ್ ಲೋಟಕ್ಕೆ ಪುನರ್ಪುಳಿ

ಕ್ರಿಸ್ಮಸ್ ಬಂತೆಂದರೆ ನಮ್ಮ ಮಂಗಳೂರು ಕಡೆ ಪಕ್ಕದ ಮನೆಯಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಬರುತ್ತದೆ, ಊಟಕ್ಕೆ ಕರೆದರೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನೂ ಇರುತ್ತದೆ. ಕುಡಿಯದವರ ಕೈಗೆ ಕಿತ್ತಳೆ ಬಣ್ಣದ ಸ್ಕ್ವಾಷ್ ಕೊಟ್ಟು ಮೂಲೆಗೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅಂಥವರಿಗೆಂದು ನಾನು ಮಾಡಿ ಒಯ್ಯುವುದು ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ, ಪಾನೀಯ. ಶರಬತ್ತಲ್ಲ ಮತ್ತೆ! ವೈನ್ ಎಷ್ಟೇ ಸಿಹಿಯಿದ್ದರೂ ದ್ರಾಕ್ಷಿ ಸಿಪ್ಪೆಯ ಒಗರು ನಾಲಿಗೆಯನ್ನು ಹಿಡಿಯುತ್ತದಲ್ಲ, ಅದು ಬರಬೇಕು.

ಹಣ್ಣು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಾಗಾಗಿ ಡಿಸೆಂಬರಿಗೆ ಒಣಸಿಪ್ಪೆಯೇ ಗತಿ. ಉಪ್ಪು ಹಾಕಿ ಒಣಗಿಸಿದ್ದು ಬೇಡ, ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಿ. ಹದಿನೈದು ಸಿಪ್ಪೆಯನ್ನು ತೊಳೆದು ಅರ್ಧ ಲೀಟರ್ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕಿವುಚಿ ಸೋಸಿ. ಗಾಜು ಅಥವಾ ಸ್ಟೀಲ್ ಪಾತ್ರೆ ಇರಲಿ, ಈ ಹುಳಿಗೆ ಅಲ್ಯೂಮಿನಿಯಂ, ತಾಮ್ರ ಆಗದು. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ನೀರಿಗೆ ಮೂರು ಲವಂಗ, ಒಂದು ತುಂಡು ಚಕ್ಕೆ, ಜಜ್ಜಿದ ಐದಾರು ಕಾಳುಮೆಣಸು ಹಾಕಿ ಕುದಿಸಿ. ಒಲೆ ಆರಿಸಿದ ಮೇಲೆ ಅರ್ಧ ಚಮಚ ಚಹಾ ಪುಡಿ, ನಾಲ್ಕೇ ನಿಮಿಷ. ಒಗರು ಬರುವುದು ಈ ಚಹಾದಿಂದ, ಆದರೆ ಕುದಿಸಿದರೆ ಕಹಿಯಾಗಿ ಎಲ್ಲಾ ಹಾಳು. ಸೋಸಿ, ತಣಿಸಿ, ಎರಡನ್ನೂ ಸೇರಿಸಿ. ಸಕ್ಕರೆ ಎರಡು ಮೂರು ಚಮಚ ಸಾಕು. ಬೆಲ್ಲ ಹಾಕಿದರೆ ರುಚಿಗೆ ಅಡ್ಡಿಯಿಲ್ಲ, ಬಣ್ಣ ಮಾತ್ರ ಮಬ್ಬಾಗುತ್ತದೆ.

ಪುನರ್ಪುಳಿಯ ಕೆಂಪು ಬಣ್ಣ ಹುಳಿಯಿರುವಷ್ಟು ಹೊತ್ತು ಮಾತ್ರ. ಕುಡಿದ ಲೋಟಕ್ಕೆ ಸಾಬೂನು ನೀರು ತಾಗಲಿ, ತಳದಲ್ಲಿ ಉಳಿದದ್ದು ನೀಲಿಗೆ ತಿರುಗುತ್ತದೆ. ಮೊಮ್ಮಕ್ಕಳು ಅದನ್ನು ನೋಡಲೆಂದೇ ಪಾತ್ರೆ ತೊಳೆಯಲು ಬರುತ್ತಾರೆ!

ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಒಂದು ಬೇಸಿಗೆಯಲ್ಲಿ ತಾಜಾ ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿ ಬಿಸಿಲಿಗಿಟ್ಟಿದ್ದೆ. ತೊಳೆದ ಸಿಪ್ಪೆಯ ನೀರು ಆರುವ ಮೊದಲೇ ತುಂಬಿಸಿದ್ದು, ಸಕ್ಕರೆಯಲ್ಲೂ ಜಿಪುಣತನ ಮಾಡಿದ್ದು, ಎರಡೂ ನನ್ನದೇ ತಪ್ಪು. ಐದನೇ ದಿನ ಮುಚ್ಚಳ ತೆಗೆದರೆ ಬುಸ್ಸೆಂದು ನೊರೆ, ಹುಳಿಹೆಂಡದ ವಾಸನೆ. ವೈನ್ ಬೇಡವೆಂದು ಹೊರಟವಳು ವೈನನ್ನೇ ಮಾಡಿಟ್ಟಿದ್ದೆ. ಗುಳ್ಳೆ ಕಂಡರೆ ಮಕ್ಕಳಿಗೆ ಕೊಡಬೇಡಿ, ಚೆಲ್ಲಿಬಿಡಿ.

ಕಿವುಚಿ ಉಳಿದ ಸಿಪ್ಪೆಯಲ್ಲಿ ಇನ್ನೂ ಹುಳಿಯಿರುತ್ತದೆ. ಮರುದಿನದ ಸಾರಿಗೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ.