ತೊಟ್ಟಿಲ ಪಕ್ಕದ ಜೋಕಾಲಿ

ಹೆಂಡತಿಗೆ ಎಂಟು ತಿಂಗಳು ತುಂಬಿದಾಗ ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿದೆ. ಮೊದಲ ಮಗಳಿಗೆ ಬಳಸಿದ ಮರದ ತೊಟ್ಟಿಲು, ಎರಡು ವರ್ಷ ಗೋಣಿಚೀಲ ಹೊದ್ದುಕೊಂಡು ಬಿದ್ದಿತ್ತು. ಪಡಸಾಲೆಯಲ್ಲಿಟ್ಟು ಧೂಳು ಒರೆಸಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಗಳು ಅದರೊಳಗೆ ಮಲಗಿದ್ದಳು. ಎರಡು ವರ್ಷ ಎಂಟು ತಿಂಗಳಿನ ಹುಡುಗಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿಕೊಂಡು ಕಣ್ಣು ಮುಚ್ಚಿದ್ದಳು.

"ಏಳವ್ವ, ಅದು ಪಾಪುವಿನ ತೊಟ್ಟಿಲು" ಎಂದೆ.

"ನಾನೇ ಪಾಪು" ಎಂದಳು, ಕಣ್ಣು ತೆರೆಯದೆ.

ನಾನು ಗದಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕ. ಮನೆ ಬೆಟಗೇರಿಯಲ್ಲಿ. ಹೆಂಡತಿಯ ತವರು ಬ್ಯಾಡಗಿ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ಎರಡು ಮಾತಿಲ್ಲ. ಮೊದಲ ಹೆರಿಗೆಗೆ ಅವಳು ಐದು ತಿಂಗಳು ಅಲ್ಲಿದ್ದಳು. ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ ಹತ್ತಿ, ಭಾನುವಾರ ಸಂಜೆ ಮರಳುತ್ತಿದ್ದೆ. ಅಳಿಯ ಬಂದನೆಂದು ಹೋಳಿಗೆ ಮಾಡುತ್ತಿದ್ದರು. ಆ ಐದು ತಿಂಗಳಲ್ಲಿ ತಂದೆಯಾಗಿ ನಾನು ಮಾಡಿದ ದೊಡ್ಡ ಕೆಲಸವೆಂದರೆ ಸೇಬುಹಣ್ಣು ಒಯ್ದದ್ದು.

ಎರಡನೆಯದಕ್ಕೂ ಅತ್ತೆ ಕರೆದರು. ಆದರೆ ಈ ಸಲ ಜೊತೆಗೊಂದು ಮಗುವಿತ್ತು. ತಾಯಿಯೊಡನೆ ಅವಳೂ ಹೋದರೆ ಅಂಗನವಾಡಿ, ಅಜ್ಜಿ, ನಾನು, ಎಲ್ಲವೂ ಒಂದೇ ದಿನ ಕೈತಪ್ಪುತ್ತವೆ. ಇಲ್ಲೇ ಉಳಿದರೆ ತಾಯಿಯೇ ಇಲ್ಲ. ಹೆಂಡತಿ ಒಂದು ವಾರ ಯೋಚಿಸಿ, "ನಾನು ಹೋಗುವುದಿಲ್ಲ, ಅವ್ವನೇ ಬರಲಿ" ಎಂದಳು. ಮಗಳನ್ನು ಕೊಟ್ಟ ಮನೆಯಲ್ಲಿ ಎರಡು ತಿಂಗಳು ಕುಳಿತು ಉಣ್ಣುವುದು ಹೇಗೆ ಎಂದು ಅತ್ತೆಗೆ ಸಂಕೋಚ. ನನ್ನ ತಾಯಿ ತಾವೇ ಫೋನ್ ಮಾಡಿ, "ಕುಳಿತು ಉಣ್ಣಲು ಯಾರು ಬಿಡುತ್ತಾರೆ, ನೀವು ಬನ್ನಿ ಬೀಗರೇ" ಎಂದ ಮೇಲೆ ಒಪ್ಪಿದರು.

ಮೊದಲ ಹೆರಿಗೆ ಸಿಸೇರಿಯನ್. ಇದೂ ಹಾಗೆಯೇ ಆಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಆಮೇಲೆ ಆರು ವಾರ ಹಸುಗೂಸಿಗಿಂತ ಭಾರವಾದದ್ದನ್ನು ಎತ್ತಬಾರದು ಎಂದೂ ಹೇಳಿದರು. ಮಗಳು ಹನ್ನೆರಡು ಕಿಲೋ. ತಾಯಿಯ ಸೊಂಟದ ಮೇಲೆಯೇ ಊಟ, ಅಲ್ಲಿಯೇ ಅಳು, ಅಲ್ಲಿಯೇ ನಿದ್ದೆ. ಆರು ವಾರ ಅವಳಿಗೆ ಆ ಜಾಗವಿಲ್ಲ. ಪಾಪು ಬಂದ ದಿನವೇ ಅದು ನಿಂತರೆ ಅಪರಾಧ ಯಾರ ತಲೆಗೆ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮೂರು ತಿಂಗಳು ಮುಂಚೆಯೇ ಅವಳ ಕೆಲಸಗಳನ್ನು ಒಂದೊಂದಾಗಿ ನಾನು ತೆಗೆದುಕೊಂಡೆ.

ಸ್ನಾನ ಸುಲಭ. ನನ್ನ ಕೈಯಲ್ಲಿ ನೀರಿನ ಆಟ ಹೆಚ್ಚು, ಸೋಪು ಕಡಿಮೆ. ಉಣಿಸುವುದಕ್ಕೆ ಒಂದು ವಾರ ಹಿಡಿಯಿತು. ಮಲಗಿಸುವುದು ಮಾತ್ರ ನನ್ನನ್ನು ಅರೆದುಬಿಟ್ಟಿತು. ಹನ್ನೊಂದು ರಾತ್ರಿ ಅವಳು ಬಾಗಿಲಿಗೆ ಹಣೆ ಒತ್ತಿಕೊಂಡು ಅತ್ತಳು. ನಾಲ್ಕನೆಯ ರಾತ್ರಿ ಹೆಂಡತಿ ತಡೆಯಲಾರದೆ ಒಳಗೆ ಬಂದದ್ದರಿಂದ ಮತ್ತೆ ಮೊದಲಿನಿಂದ. ಹನ್ನೆರಡನೆಯ ರಾತ್ರಿ ಅವಳೇ ಅಜ್ಜಿಯ ಕೌದಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಹಾಸಿದಳು. ಕೌದಿಯಲ್ಲಿ ತಾಯಿಯ ಹಳೆಯ ಹಸಿರು ಸೀರೆಯ ತುಂಡೊಂದಿತ್ತು. ಅದರ ಮೇಲೆ ಕೆನ್ನೆಯಿಟ್ಟರೆ ನಿದ್ದೆ. ಮಂಚ ತಾನೇ ಹತ್ತಲು ಒಂದು ಸ್ಟೂಲು ಇಟ್ಟು ಅಭ್ಯಾಸ ಮಾಡಿಸಿದೆ. ಮುಂದೆ ಅತ್ಯಂತ ಉಪಯೋಗಕ್ಕೆ ಬಂದದ್ದು ಆ ಸ್ಟೂಲು.

ಮಾಡಿದ ತಪ್ಪುಗಳೂ ಇವೆ. "ನಿನ್ನ ಜೊತೆ ಆಡಲು ಪಾಪು ಬರುತ್ತದೆ" ಎಂದು ಮೂರು ತಿಂಗಳು ಹೇಳಿದ್ದೆ. ಆಸ್ಪತ್ರೆಯಲ್ಲಿ ಕೆಂಪಗೆ ಮುದುಡಿ ಮಲಗಿದ್ದ ಕೂಸನ್ನು ನೋಡಿ ಅವಳು ಚೆಂಡು ಚಾಚಿದಳು, ಅದು ಹಿಡಿಯಲಿಲ್ಲ. "ಇದು ಆಡುವುದಿಲ್ಲ, ಬೇರೆ ತೆಗೆದುಕೊಂಡು ಬಾ" ಎಂದಳು. ಮಲಗುತ್ತದೆ, ಅಳುತ್ತದೆ, ಹಾಲು ಕುಡಿಯುತ್ತದೆ, ಬಹಳ ದಿನ ಅಷ್ಟೇ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು. ಒಂದು ಮಾತ್ರ ಸರಿಯಾಗಿ ಮಾಡಿದೆವು. ಅವಳು ಬರುವಾಗ ಕೂಸನ್ನು ತೊಟ್ಟಿಲಿನಲ್ಲಿಟ್ಟು ಹೆಂಡತಿ ಎರಡೂ ಕೈ ಬರಿದು ಮಾಡಿಕೊಂಡಿದ್ದಳು. ನಾನು ಎತ್ತಿ ಮಂಚದಲ್ಲಿ ಹೊಲಿಗೆಗೆ ತಾಗದ ಕಡೆ ಕೂರಿಸಿದೆ. ಅವಳು ಮೊದಲು ತಾಯಿಯ ಕೈಯ ಸಲೈನ್ ಸೂಜಿಯನ್ನು ನೋಡಿದಳು, ಕೂಸನ್ನು ಆಮೇಲೆ.

ಎರಡನೆಯದೂ ಹೆಣ್ಣು. ನಮಗೆ ಇದು ಸುದ್ದಿಯೇ ಅಲ್ಲ, ಬಂದವರಿಗೆ ಸುದ್ದಿ. "ಮತ್ತೆ ಹೆಣ್ಣೇ? ಇರಲಿ ಬಿಡಿ" ಎಂದು ಸಮಾಧಾನ ಹೇಳಲು ಬಂದವರ ಎದುರಿಗೇ ದೊಡ್ಡವಳು ಕುಳಿತಿರುತ್ತಿದ್ದಳು. ಒಬ್ಬರಂತೂ ಸ್ಕ್ಯಾನಿಂಗ್‌ನಲ್ಲಿ ತಿಳಿಯಲಿಲ್ಲವೇ ಎಂದು ಕೇಳಿದರು. ಹೇಳುವುದೂ ಕೇಳುವುದೂ ಅಪರಾಧವೆಂದು 1994ರಿಂದ ಕಾಯ್ದೆಯಿದೆ, ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಬೋರ್ಡೂ ಇದೆ ಎಂದೆ. ಮೇಷ್ಟ್ರ ಪಾಠ ಎಂದು ಮುಖ ತಿರುಗಿಸಿದರು. ಇನ್ನೊಂದು ಬಗೆಯ ಅತಿಥಿಗಳು, "ಇನ್ನು ನಿನ್ನ ಗಾದಿ ಹೋಯಿತು ನೋಡು, ನಿನ್ನನ್ನು ಯಾರೂ ಎತ್ತಿಕೊಳ್ಳುವುದಿಲ್ಲ" ಎಂದು ಮಗುವನ್ನು ಕೆಣಕಿ ನಗುವವರು. ಅವರಿಗೆ ಅದು ತಮಾಷೆ. ಅವಳು ಆ ರಾತ್ರಿ ಹಾಸಿಗೆ ಒದ್ದೆ ಮಾಡಿದಳು, ಆರು ತಿಂಗಳ ನಂತರ ಮೊದಲ ಸಲ. ಮರುದಿನದಿಂದ ನಾನು ಕಟ್ಟೆಯ ಮೇಲೆಯೇ ಕುಳಿತು, ಬಂದವರಿಗೆ ಅಲ್ಲಿಯೇ ಎಚ್ಚರಿಸಿ ಒಳಗೆ ಕಳುಹಿಸುತ್ತಿದ್ದೆ. ಸಿಟ್ಟಾದವರು ಆದರು.

ನನಗಿದ್ದದ್ದು ಹದಿನೈದು ದಿನಗಳ ಪಿತೃತ್ವ ರಜೆ. ಕೂಸು ಶ್ರಾವಣದ ಮೊದಲ ದಿನಗಳಲ್ಲಿ ಹುಟ್ಟಿ, ನಾಗರ ಪಂಚಮಿಯ ಹಿಂದಿನ ದಿನ ಮನೆಗೆ ಬಂತು. ತೊಟ್ಟಿಲು ಜಂತಿಗೆ ಏರಿತು. ದೊಡ್ಡವಳು ಅದರ ಕೆಳಗೆ ನಿಂತು ಅಲುಗಾಡಲಿಲ್ಲ. ಆಗ ಹೊಳೆಯಿತು. ಪಂಚಮಿಗೆ ಹೇಗೂ ಜೋಕಾಲಿ ಕಟ್ಟಬೇಕು, ಹೊರಗೆ ಬೇವಿನ ಮರಕ್ಕೇಕೆ? ಪಕ್ಕದ ಜಂತಿಗೇ ಹಗ್ಗ ಕಟ್ಟಿ, ದಿಂಬು ಹಾಕಿ ಜೋಕಾಲಿ ಮಾಡಿದೆ. ತೊಟ್ಟಿಲು ತೂಗಿದಾಗ ಜೋಕಾಲಿಯನ್ನೂ ತೂಗಬೇಕು, ಅದು ಕಾನೂನು. ಹಬ್ಬ ಮುಗಿದರೂ ಅದನ್ನು ಬಿಚ್ಚಲಿಲ್ಲ. ದೀಪಾವಳಿಯವರೆಗೂ ಇತ್ತು. ತೊಟ್ಟಿಲೊಳಗೆ ಮಲಗುವ ಹಟ ಅಂದೇ ನಿಂತಿತು.

ಬಾಣಂತಿ ಕೋಣೆಯ ವಿಷಯದಲ್ಲಿ ಅತ್ತೆಗೂ ನನಗೂ ಒಂದು ಸಣ್ಣ ಜಗಳವಾಯಿತು. ಅವರಿಗೆ ಮಂಚದ ಕೆಳಗೆ ಕೆಂಡದ ಶೆಗಡಿ, ಲೋಬಾನದ ಹೊಗೆ ಬೇಕು. ಹೊಗೆ ಕೂಸಿನ ಉಸಿರಿಗೆ ಒಳ್ಳೆಯದಲ್ಲವೆಂದು ವೈದ್ಯರು ಹೇಳಿದ್ದರು. ಅದಕ್ಕಿಂತ ನನ್ನ ಭಯ, ಆ ಕೋಣೆಗೆ ದಿನಕ್ಕೆ ಐವತ್ತು ಸಲ ಓಡಿಬರುವ ಎರಡು ಕಾಲುಗಳದು. ಕೊನೆಗೆ ಶೆಗಡಿ ಹಿತ್ತಲಿಗೆ ಹೋಯಿತು. ಊಟದಲ್ಲಿ ಅತ್ತೆಯದೇ ರಾಜ್ಯ. ಬ್ಯಾಡಗಿಯವರಾದರೂ ಬಾಣಂತಿಗೆ ಕೆಂಪು ಮೆಣಸಿನಕಾಯಿ ಮುಟ್ಟಿಸಲಿಲ್ಲ. ಕಾಳುಮೆಣಸು ಬೆಳ್ಳುಳ್ಳಿಯ ಸಾರು, ಅಳವಿ ಪಾಯಸ, ಒಣಕೊಬ್ಬರಿ ಉತ್ತತ್ತಿ ಹಾಕಿದ ಅಂಟಿನುಂಡಿ. ಉಂಡಿಯ ಡಬ್ಬಿಯ ಯಜಮಾನಿಕೆ ದೊಡ್ಡವಳಿಗೆ. ದಿನಕ್ಕೆ ಎರಡು ತಾಯಿಗೆ ಕೊಡಬೇಕು. ಡಬ್ಬಿ ಲೆಕ್ಕಕ್ಕಿಂತ ಬೇಗ ಖಾಲಿಯಾಯಿತು, ಯಾರೂ ಕೇಳಲಿಲ್ಲ. ಲಂಗೋಟಿ ತಂದುಕೊಡು ಎಂಬ ಕೆಲಸವನ್ನು ಮಾತ್ರ ಮೂರೇ ದಿನ ಮಾಡಿದಳು. ನಾಲ್ಕನೆಯ ದಿನ "ಪಾಪುವೇ ಎದ್ದು ತೆಗೆದುಕೊಳ್ಳಲಿ" ಎಂದಳು. ನ್ಯಾಯವೇ.

ಅತಿ ಕಷ್ಟದ ಹೊತ್ತು ಕೂಸಿನ ಸ್ನಾನದ್ದು. ಹಂಡೆಯ ನೀರು, ಎಣ್ಣೆ, ನೀಡಿದ ಕಾಲುಗಳ ಮೇಲೆ ಕೂಸು, ಸುತ್ತ ನಾಲ್ಕು ಹೆಂಗಸರು. ಯಾರ ಕಣ್ಣೂ ಇವಳ ಮೇಲಿಲ್ಲ. ಒಂಬತ್ತನೆಯ ದಿನ ಅವಳು ಒಳನುಗ್ಗಿ ಕೂಸಿನ ಕಾಲನ್ನು ಚಿವುಟಿದಳು. ನಾನು ಹೊಡೆದೆ. ಬೆನ್ನ ಮೇಲೆ ಒಂದೇ ಏಟು, ಆದರೆ ಸದ್ದು ಪಡಸಾಲೆ ತುಂಬ ಕೇಳಿಸಿತು. ಅವಳು ಅಳಲಿಲ್ಲ. ಜೋಕಾಲಿಯ ದಿಂಬನ್ನು ಎಳೆದು ಅಪ್ಪಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಳು. ಮರುದಿನದಿಂದ ಸ್ನಾನದ ಹೊತ್ತಿಗೆ ಸೈಕಲ್ ಮುಂದೆ ಕೂರಿಸಿಕೊಂಡು ಭೀಷ್ಮ ಕೆರೆಯ ಕಡೆ ಹೊರಟುಬಿಡುತ್ತಿದ್ದೆ. ದೊಡ್ಡ ಬಸವಣ್ಣನ ಮೂರ್ತಿಗೆ ಕೈಮುಗಿದು, ಹಾಲಿನ ಪಾಕೀಟು ತೆಗೆದುಕೊಂಡು ಬರುವಷ್ಟರಲ್ಲಿ ಕೂಸು ಕುಂಚಿಗೆ ಕಟ್ಟಿಕೊಂಡು ಮಲಗಿರುತ್ತಿತ್ತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು.

ಹದಿಮೂರನೆಯ ದಿನ ಹೆಸರಿಟ್ಟೆವು. ಸೋದರತ್ತೆಯಾದ ನನ್ನ ತಂಗಿ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಗುದ್ದುವವರಲ್ಲಿ ದೊಡ್ಡವಳೂ ಇದ್ದಳು, ಎಲ್ಲರಿಗಿಂತ ಜೋರಾಗಿ. ರಜೆ ಮುಗಿಯಿತು.

ಒಂದೂವರೆ ತಿಂಗಳಿನ ಚುಚ್ಚುಮದ್ದಿಗೆ ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಒಯ್ದೆವು. ಆರು, ಹತ್ತು, ಹದಿನಾಲ್ಕು ವಾರ ಎಂದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದಲ್ಲ, ಅದರಲ್ಲಿ ಮೊದಲನೆಯದು. ತೊಡೆಗೆ ಸೂಜಿ ಹೋಗಿ ಕೂಸು ಕಿರುಚಿದ ಕೂಡಲೇ ದೊಡ್ಡವಳು ನರ್ಸಮ್ಮನ ಸೀರೆ ಜಗ್ಗಿ, "ನಮ್ಮ ಪಾಪುವನ್ನು ಯಾಕೆ ಚುಚ್ಚಿದೆ?" ಎಂದು ಗದರಿದಳು. 'ನಮ್ಮ' ಎಂಬುದನ್ನು ಅವಳ ಬಾಯಲ್ಲಿ ಮೊದಲ ಸಲ ಕೇಳಿದೆ. ಸಂಜೆ ಕೂಸಿಗೆ ಜ್ವರ ಬಂದಾಗ ಮಾತ್ರ "ಅದನ್ನು ಅಲ್ಲೇ ಬಿಟ್ಟು ಬರೋಣ" ಎಂದಳು. ಎರಡೂ ನಿಜವೇ ಇರಬೇಕು.

ಇಲ್ಲಿಗೆ ನಾನು ಗೆದ್ದೆ ಎಂದುಕೊಂಡಿದ್ದೆ. ಅತ್ತೆ ಬ್ಯಾಡಗಿಗೆ ಮರಳಿದ್ದರು. ಮೂರನೆಯ ತಿಂಗಳಲ್ಲಿ ಒಂದು ಸಂಜೆ ದೊಡ್ಡವಳು ಅಂಗಳದಲ್ಲಿ ಮುಗ್ಗರಿಸಿ ಗದ್ದ ಒಡೆದುಕೊಂಡಳು. ಹೆಂಡತಿ ಎರಡು ಹೆಜ್ಜೆಯಲ್ಲಿ ಕಟ್ಟೆಯ ಮೇಲಿದ್ದಳು, ಕೈ ಚಾಚಿದಳು. ಮಗಳು ಅವಳನ್ನು ದಾಟಿ, ಬಾಗಿಲು ದಾಟಿ, ಉತ್ತರ ಪತ್ರಿಕೆ ತಿದ್ದುತ್ತಿದ್ದ ನನ್ನ ತೊಡೆಗೆ ಬಂದು ಬಿದ್ದಳು. ನನ್ನ ಅಂಗಿಗೆ ರಕ್ತವಾಯಿತು. ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು, ಸುಳ್ಳು ಏಕೆ ಹೇಳಲಿ. ಹೆಂಡತಿ ಆಗ ಏನೂ ಅನ್ನಲಿಲ್ಲ. ರಾತ್ರಿ ಕೂಸಿಗೆ ಹಾಲು ಕೊಡುತ್ತಾ, "ನೋಡಿಕೊಳ್ಳಿ ಎಂದಿದ್ದೆ. ಕಸಿದುಕೊಳ್ಳಿ ಎಂದಿರಲಿಲ್ಲ ರೀ" ಎಂದಳು.

ಆರು ವಾರ ಎಂದೋ ಮುಗಿದಿತ್ತು. ಅವಳು ಎತ್ತಿಕೊಳ್ಳಬಹುದಿತ್ತು, ಆದರೆ ಮಗಳು ಹೋಗುತ್ತಿರಲಿಲ್ಲ. ಹಾಲು, ಲಂಗೋಟಿ, ಅರೆನಿದ್ದೆಗಳ ನಡುವೆ ಹೆಂಡತಿ ಅದನ್ನು ಗಮನಿಸಿದ್ದಳು. ನಾನು ಗಮನಿಸಿರಲಿಲ್ಲ.

ಮರುದಿನದಿಂದ ದೀಪ ಹಚ್ಚಿದ ಮೇಲಿನ ಅರ್ಧ ಗಂಟೆ ಅವರಿಬ್ಬರದು ಎಂದು ಗೊತ್ತು ಮಾಡಿದೆವು. ಕೂಸು ನನ್ನ ತಾಯಿಯ ಹತ್ತಿರ. ನಾನು ಮನೆಯಲ್ಲಿಯೇ ಇರಬಾರದು, ಏಕೆಂದರೆ ಇದ್ದರೆ ಅವಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದಳು. ಕೆಲಸವಿಲ್ಲದಿದ್ದರೂ ಅಂಗಡಿಯವರೆಗೆ ಹೋಗಿ ನಿಲ್ಲುತ್ತಿದ್ದೆ. ಮೊದಲ ನಾಲ್ಕು ದಿನ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಬೆನ್ನು ಮಾಡಿ ಕುಳಿತಿದ್ದಳಂತೆ. ಐದನೆಯ ದಿನ ರೊಟ್ಟಿ ತಟ್ಟುವ ಸದ್ದಿಗೆ ತಿರುಗಿದಳಂತೆ. ಹೆಂಡತಿ ನಿಂಬೆಹಣ್ಣಿನಷ್ಟು ಜೋಳದ ಹಿಟ್ಟನ್ನು ಅವಳ ಮುಂದೆ ಇಟ್ಟು, ಮಾತಾಡದೆ ತನ್ನ ರೊಟ್ಟಿ ತಟ್ಟತೊಡಗಿದಳಂತೆ. ಇವೆಲ್ಲ ಅಂತೆಗಳು, ನಾನು ಅಂಗಡಿಯ ಮುಂದಿದ್ದೆ.

ಈಗ ಕೂಸಿಗೆ ಏಳು ತಿಂಗಳು. ಅಕ್ಕನ ಕೂದಲು ಜಗ್ಗುವುದೇ ಅದರ ಕೆಲಸ, ಹೊಸ ಜಗಳಗಳು ಶುರುವಾಗಿವೆ. ರಾತ್ರಿ ದೊಡ್ಡವಳು ಇನ್ನೂ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಸಂಜೆಯ ರೊಟ್ಟಿ ನಡೆದಿದೆ. ಅವಳದು ಅಂಗೈಯಗಲ, ಅಂಚೆಲ್ಲ ಹರಿದು, ಒಂದು ಕಡೆ ಕರಕಾಗಿರುತ್ತದೆ. ಮೊನ್ನೆ ನನಗೂ ಒಂದು ತುಂಡು ಕೊಡು ಎಂದೆ. ಕೊಡಲಿಲ್ಲ. ಅದು ಅವ್ವನ ತಟ್ಟೆಗೆ ಹೋಗುವ ರೊಟ್ಟಿಯಂತೆ.