ಟವೆಲ್ ಸಾಕ್ಷ್ಯದ ದಿನ: ಬೀದಿಯ ಮಾತನ್ನು ನಾನು ಕಲೆಹಾಕಿದ ಬಗೆ

ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ನೌಕಾಧಿಕಾರಿ ನಾನಾವತಿ ಗುಂಡಿಟ್ಟು ಕೊಂದ ಮೊಕದ್ದಮೆಯಲ್ಲಿ ಟವೆಲಿನ ಸಾಕ್ಷ್ಯ ನಡೆದ ದಿನ ಮುಂಬೈಯ ಜನ ಏನು ಆಡಿಕೊಂಡರು? 1959ರ ಆ ಮಾತುಗಳು ಈಗ ಸಿಗುವುದಿಲ್ಲ ಎಂದವರೇ ಎಲ್ಲರೂ. ‘ಸಿನಿಮಾ ಕಥೆ ಬರೆದುಕೊಂಡು ಬರುತ್ತೀರಿ’ ಎಂದು ಗೆಳೆಯರೊಬ್ಬರು ನಕ್ಕಿದ್ದರು. ಈಗ ನನ್ನಲ್ಲಿ ಹದಿನಾಲ್ಕು ಗಂಟೆಯಷ್ಟು ಧ್ವನಿಮುದ್ರಣವಿದೆ. ಮೂರು ಗಂಟೆಯಾದರೂ ಅಪ್ಪಟ.

ಮೊದಲ ವರ್ಷದ ದುಡಿಮೆ ನೀರುಪಾಲು. ಹಳೆಯ ಪತ್ರಿಕೆಯ ಚಿತ್ರ ತೋರಿಸಿದರೆ ಚಿತ್ರದಲ್ಲಿದ್ದುದನ್ನೇ ವರ್ಣಿಸಿದರು. ತೀರ್ಪು ಸರಿಯೇ ಎಂದು ಕೇಳಿದರೆ ನಾನಾವತಿ ನಿರ್ದೋಷಿ ಎಂದ ಜ್ಯೂರಿಯ 8–1ರ ಲೆಕ್ಕವನ್ನು ಮೊಮ್ಮಕ್ಕಳಿಂದ ಕಲಿತು ಒಪ್ಪಿಸಿದರು. ನಕಲು ಶುಲ್ಕ, ಟ್ಯಾಕ್ಸಿ, ಹಿರಿಯರೊಬ್ಬರ ಶ್ರವಣ ಸಾಧನದ ಬ್ಯಾಟರಿ ಎಲ್ಲ ಸೇರಿ ಏಳೆಂಟು ಸಾವಿರ ಕೈಬಿಟ್ಟಿತು. ದಂಡವಾಗದ್ದು ಬ್ಯಾಟರಿ ಮಾತ್ರ.

ಆಮೇಲೆ ಕೋರ್ಟಿಗೆ ಹೋದೆವೆನ್ನುವವರನ್ನು ಬಿಟ್ಟು, ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಅಂದಿನ ಹುಡುಗರನ್ನು ಹಿಡಿದೆ. ಎಲ್ಲರೂ ಈಗ ಎಂಬತ್ತು ದಾಟಿದವರು, ಹೆಚ್ಚಿನವರು ಊರಿಗೆ ಮರಳಿದವರು. ಮೊಕದ್ದಮೆಯ ಸುದ್ದಿಯೆತ್ತದೆ ಸಂಬಳ, ಟ್ರಾಮಿನ ಟಿಕೆಟ್, ಚಹಾದ ಬೆಲೆ ಕೇಳುತ್ತಾ ಹೋದೆ. ನಾನಾವತಿಯ ಪರ ನಿಂತಿದ್ದ ‘ಬ್ಲಿಟ್ಜ್’ ವಾರಪತ್ರಿಕೆ ಎರಡು ರೂಪಾಯಿಗೆ ಏರಿದ ಮಾತು ತಾನಾಗಿ ಬರುತ್ತಿತ್ತು. ಅದಕ್ಕೆ ಮುಂಚಿನ ಬೆಲೆ ನಾಲ್ಕಾಣೆ ಎಂದವರನ್ನು ಇಟ್ಟುಕೊಂಡೆ, ಇಪ್ಪತ್ತೈದು ಪೈಸೆ ಎಂದವರನ್ನು ಅನುಮಾನದ ಪಟ್ಟಿಗೆ ಸೇರಿಸಿದೆ. ನಯಾಪೈಸೆ ಬಂದು ಆಗಿನ್ನೂ ಎರಡೇ ವರ್ಷ, ಬಾಯಲ್ಲಿ ಓಡಾಡುತ್ತಿದ್ದುದು ಆಣೆಯ ಲೆಕ್ಕವೇ. ಇನ್ನೊಂದು ಪ್ರಶ್ನೆಯೂ ಇದೆ. ಇಲ್ಲಿ ಬರೆದರೆ ನಾಳೆಗೆ ಎಲ್ಲರೂ ಉತ್ತರ ಕಲಿತಿರುತ್ತಾರೆ.

ಸಿಕ್ಕಿದ ಫಲ ನೋಡಿ. ಪತ್ರಿಕೆ ಓದಿದರೆ ಊರಿಗೆ ಊರೇ ನೌಕಾಧಿಕಾರಿಯ ಪರ. ಇವರೂ ಆತನ ಐಎನ್‌ಎಸ್ ಮೈಸೂರು ಹಡಗಿನ ಹೆಸರು ಕೇಳಿ ‘ನಮ್ಮ ಮೈಸೂರು ಹಡಗಿನ ಸಾಹೇಬ’ ಎಂದು ಬೀಗಿದವರೇ. ಆದರೆ ಟವೆಲಿನ ದಿನ ಅಡುಗೆಮನೆ ಇಬ್ಭಾಗವಾಯಿತಂತೆ. ನಾನಾವತಿ ಹೇಳಿದಂತೆ ಕೈಕೈ ಮಿಲಾಯಿಸಿದಾಗ ಗುಂಡು ಹಾರಿದ್ದೇ ನಿಜವಾದರೆ ಸ್ನಾನ ಮುಗಿಸಿ ಬಂದ ಅಹುಜಾನ ಸೊಂಟದ ಟವೆಲ್ ಕಳಚದೆ ಉಳಿದದ್ದು ಹೇಗೆ? ಸರ್ಕಾರಿ ವಕೀಲರ ವಾದವನ್ನೇ ಪಾತ್ರೆ ತೊಳೆಯುವವರೂ ಎತ್ತಿದ್ದರು. ನಾನಾವತಿ ಪಾರ್ಸಿ, ಅಹುಜಾ ಸಿಂಧಿ; ಎರಡೂ ಕಡೆಯ ಗಿರಾಕಿಗಳು ಬೇಕಾಗಿದ್ದ ಗಲ್ಲಾದ ಯಜಮಾನರು ‘ಬಾಯಿಗೆ ಬೀಗ ಹಾಕಿ’ ಎಂದು ಗದರಿದರಂತೆ. ಹೊರಗೆ ಬೀದಿಯಲ್ಲಿ ‘ಅಹುಜಾ ಟವೆಲ್’ ಮಾರಾಟ ಜೋರು.

ನಾನೂ ಸುಮ್ಮನಿರಲಿಲ್ಲ. ಚಡ್ಡಿಯ ಮೇಲೆ ಟವೆಲ್ ಸುತ್ತಿಕೊಂಡು ಅಳಿಯನ ಜತೆ ಗುದ್ದಾಡಿದೆ. ದಪ್ಪ ಟರ್ಕಿ ಟವೆಲ್ ಮೊದಲ ಎಳೆತಕ್ಕೇ ಜಾರಿತು. ತೆಳ್ಳನೆಯ ಬೈರಾಸು ಜಗ್ಗಲಿಲ್ಲ. ವಕೀಲ ಮಿತ್ರರು ಇದನ್ನು ಪುರಾವೆ ಎಂದು ಒಪ್ಪುತ್ತಿಲ್ಲ. ಅವರ ಮನೆಯಲ್ಲೇ ಇನ್ನೊಮ್ಮೆ ಮಾಡಿ ತೋರಿಸುತ್ತೇನೆಂದರೂ ಬಾಗಿಲು ತೆರೆಯುತ್ತಿಲ್ಲ.