ಎತ್ತೂದು ಸರಿ, ಒಗ್ಯೂದು ಯಾಕ?

ಕಂಬ ಎಸೆಯುವ ಆಟಕ್ಕೆ ಇಳಿದ ಮೊದಲ ದಿನ ನಾನು ಕಿಲ್ಟನ್ನೇ, ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆ ಲಂಗವನ್ನೇ, ಹಿಂದುಮುಂದು ಉಟ್ಟಿದ್ದೆ. ನೆರಿಗೆ ಮುಂದೆ ಬರಬೇಕು ಅಂತ ನನ್ನ ಲೆಕ್ಕ. ಸೀರೆ, ಪಂಚೆ ನೋಡಿ ಬೆಳೆದವನಿಗೆ ಹಾಗೆ ಅನ್ನಿಸೋದು ಸಹಜ ಅಲ್ವಾ? ಆದರೆ ಕಿಲ್ಟಿನ ನೆರಿಗೆ ಹಿಂದೆ ಇರಬೇಕು, ಮುಂಭಾಗ ಚಪ್ಪಟೆ. ಮೈದಾನದ ಅಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಗು ತಡೆದುಕೊಂಡು ಕೈಸನ್ನೆ ಮಾಡಿದರು. ಗುಡಾರದ ಹಿಂದೆ ಹೋಗಿ ತಿರುಗಿಸಿ ಉಟ್ಟು ಬಂದೆ. ಒಳಗೇನು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ ಶಾರ್ಟ್ಸ್ ಇತ್ತು. ಮಣ ಭಾರ ಎತ್ತಿ ಓಡುವವನಿಗೆ ಅದೇ ಕ್ಷೇಮ.

ನಾನು ಬಾಗಲಕೋಟೆ ಕಡೆಯವನು. ಕೆಲಸ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಡೀ ನದಿಯ ಗುಂಟ ಹೊರಟರೆ ಬೇಸಿಗೆಯಲ್ಲಿ ಊರೂರಿಗೂ ಹೈಲ್ಯಾಂಡ್ ಗೇಮ್ಸ್, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯ ಆಟೋಟ. ಅಬಾಯ್ನ್‌ನಲ್ಲಿ ಆಗಸ್ಟ್, ಬ್ರೇಮಾರ್‌ನಲ್ಲಿ ಸೆಪ್ಟೆಂಬರಿನ ಮೊದಲ ಶನಿವಾರ. ಬ್ರೇಮಾರ್‌ಗೆ ರಾಜಮನೆತನದವರೂ ಬರುತ್ತಾರೆ. ವಿಕ್ಟೋರಿಯಾ ರಾಣಿ 1848ರಲ್ಲಿ ಬಂದಾಗಿನಿಂದ ಆ ನಂಟು. ಒಂದು ಕಡೆ ಬ್ಯಾಗ್‌ಪೈಪ್, ಒಂದು ಕಡೆ ಕತ್ತಿ ನೆಲಕ್ಕಿಟ್ಟು ಅದರ ಮೇಲೆ ಕುಣಿಯುವ ಹುಡುಗಿಯರು, ನಡುವೆ ಹಗ್ಗ ಜಗ್ಗಾಟ. ನಮ್ಮ ಜಾತ್ರೆಯದೇ ಗದ್ದಲ, ಮಳೆಯೊಂದು ಜಾಸ್ತಿ.

ಅಲ್ಲಿ ನಾನು ಮೊದಲ ಸಲ ಕೇಬರ್ ನೋಡಿದೆ. ಕೇಬರ್ ಅಂದರೆ ಎತ್ತಿ ಎಸೆಯುವ ಮರದ ಕಂಬ. ಗೇಲಿಕ್ ಭಾಷೆಯಲ್ಲಿ ಆ ಪದಕ್ಕೆ ತೊಲೆ, ಜಂತಿ ಅನ್ನುವ ಅರ್ಥ. ಬ್ರೇಮಾರ್‌ನ ಹೆಸರಾಂತ ಕಂಬ ಸುಮಾರು 6 ಮೀಟರ್ ಉದ್ದ, 60 ಕೆಜಿ ತೂಕ. ಅಷ್ಟೇನಾ ಅನ್ನಿಸಿತು. ನಮ್ಮೂರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಇದಕ್ಕಿಂತ ಜಾಸ್ತಿ ಎತ್ತುತ್ತಾರೆ. ನಾನೂ ಹುಡುಗನಿದ್ದಾಗ ಗುಂಡು ಎತ್ತಿದವನೇ. ಆ ಸೊಕ್ಕಿನಲ್ಲೇ ಹೆಸರು ಬರೆಸಿದೆ.

ಕಲಿಸಿದವರು ಕಾಡಿನಲ್ಲಿ ಮರ ಕಡಿಯುವ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಮೊದಲ ಎರಡು ವಾರ ಕಂಬ ಎಸೆಯಲು ಬಿಡಲೇ ಇಲ್ಲ. ಎತ್ತು, ನಿಲ್ಲು, ಇಳಿಸು. ಅಷ್ಟೇ. ದಪ್ಪ ತುದಿ ಮೇಲೆ, ಸಣ್ಣ ತುದಿ ಕೆಳಗೆ. ಇದನ್ನೇ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗುಂಡಿನ ಭಾರ ಎದೆಗೆ ಅವಚಿಕೊಂಡಿರುತ್ತದೆ. ಕೇಬರಿನ ಭಾರ ತಲೆಯ ಮೇಲೆ ಎಲ್ಲೋ ಆಕಾಶದಲ್ಲಿರುತ್ತದೆ. ಅಲ್ಲಿ ಒಂದು ಗೇಣು ವಾಲಿದರೆ ಇಲ್ಲಿ ನಾನು ನಾಲ್ಕು ಹೆಜ್ಜೆ ಓಡಬೇಕು.

ಎತ್ತುವ ಕ್ರಮ ಹೀಗೆ. ಇಬ್ಬರು ಕಂಬವನ್ನು ನೆಟ್ಟಗೆ ನಿಲ್ಲಿಸಿ ಕೊಡುತ್ತಾರೆ. ಅದನ್ನು ಭುಜಕ್ಕೆ, ಕತ್ತಿನ ಪಕ್ಕಕ್ಕೆ ಒರಗಿಸಿಕೊಂಡು ಕುಕ್ಕರಗಾಲಲ್ಲಿ ಕೂರಬೇಕು. ಬೆರಳು ಹೆಣೆದು, ಅಂಗೈಗಳಿಂದ ಕಂಬವನ್ನು ಎರಡೂ ಕಡೆಯಿಂದ ಒತ್ತುತ್ತಾ ಕೆಳಗೆ ಜಾರಿಸಬೇಕು. ಭುಜದಿಂದ ಕಂಬವನ್ನು ಚೂರೇ ಚೂರು ಅಲುಗಿಸಿದಾಗ ಬುಡ ಒಂದು ಕ್ಷಣ ನೆಲ ಬಿಡುತ್ತದೆ. ಆ ಕ್ಷಣದಲ್ಲಿ ಕೈ ಬುಡದ ಕೆಳಗೆ ಹೋಗಬೇಕು. ಹೋಗದಿದ್ದರೆ ಬೆರಳು ಅದರಡಿ. ಆಮೇಲೆ ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ಏಳಬೇಕು.

ಎದ್ದ ಮೇಲೆ ಓಡಬೇಕು. ವೇಗ ಕೂಡಿದಾಗ ಗಕ್ಕನೆ ನಿಲ್ಲಬೇಕು. ನಾವು ನಿಂತರೂ ಕಂಬದ ತಲೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅದು ಬಾಗಲು ಶುರುವಾದಾಗ ಬುಡವನ್ನು ಕೈಯಿಂದ ಮೇಲಕ್ಕೆ ಕಿತ್ತೆಸೆಯಬೇಕು. ದಪ್ಪ ತುದಿ ನೆಲಕ್ಕೆ ಬಡಿದು, ನಾವು ಹಿಡಿದಿದ್ದ ತುದಿ ಪಲ್ಟಿ ಹೊಡೆದು ಆಚೆ ಬೀಳಬೇಕು.

ಎಷ್ಟು ದೂರ ಬಿತ್ತು ಅನ್ನುವುದು ಲೆಕ್ಕಕ್ಕೇ ಇಲ್ಲ. ಇದನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪನಿಗೆ ನಂಬಿಕೆ ಬರಲಿಲ್ಲ. ಎಷ್ಟು ನೆಟ್ಟಗೆ ಬಿತ್ತು ಅನ್ನುವುದೇ ಎಲ್ಲ. ಹಿಂದೆ ನಿಂತ ತೀರ್ಪುಗಾರರು ನೆಲವನ್ನು ಗಡಿಯಾರದ ಮುಖ ಅಂದುಕೊಳ್ಳುತ್ತಾರೆ. ಓಡಿದ ದಿಕ್ಕಿಗೇ ಬಿದ್ದರೆ 12 ಗಂಟೆ, ಅದೇ ಪೂರ್ಣ ಅಂಕ. ಎಡಕ್ಕೆ ವಾಲಿದರೆ 11, ಬಲಕ್ಕೆ ವಾಲಿದರೆ 1. ಪಲ್ಟಿಯೇ ಹೊಡೆಯದಿದ್ದರೆ ಪಕ್ಕದಲ್ಲಿ ನಿಂತವರು ಎಷ್ಟು ಡಿಗ್ರಿವರೆಗೆ ಎದ್ದಿತು ಅಂತ ಹೇಳುತ್ತಾರೆ.

ಮೂರನೇ ವಾರ ನಾನು ಅವಸರ ಮಾಡಿದೆ. ಕಂಬ ಹಿಂದಕ್ಕೆ ವಾಲುತ್ತಿತ್ತು, ಬಿಟ್ಟು ಸರಿಯುವ ಬದಲು ತಬ್ಬಿ ಹಿಡಿದೆ. ಗುಂಡು ಎತ್ತಿದವನ ಚಾಳಿ ಅದು, ಕೈಗೆ ಬಂದದ್ದನ್ನು ಬಿಡುವುದಿಲ್ಲ. ಕೊರಳೆಲುಬಿನ ಮೇಲೆ ಚರ್ಮ ಸುಲಿದು ಹತ್ತು ದಿನ ಕಾರಿನ ಸೀಟ್ ಬೆಲ್ಟ್ ಹಾಕಲಾಗಲಿಲ್ಲ. ಗುರುಗಳು ಬೈಯಲಿಲ್ಲ. 'ವಾಲಿದರೆ ಬಿಟ್ಟು ಓಡು, ಕಂಬಕ್ಕೆ ನೋವಾಗಲ್ಲ' ಅಂದರು.

ಆ ಹತ್ತು ದಿನದಲ್ಲಿ ಡೀ ನದಿಯ ಮೇಲಿನ ಪೊಟಾರ್ಕ್ ಸೇತುವೆಗೆ ಹೋಗಿ ಬಂದೆ. ಅಲ್ಲಿ ಕಬ್ಬಿಣದ ಬಳೆ ಹಾಕಿದ ಎರಡು ಕಲ್ಲುಗಳಿವೆ. ಎರಡೂ ಸೇರಿ 332 ಕೆಜಿ. 1860ರಲ್ಲಿ ಡೊನಾಲ್ಡ್ ಡಿನ್ನಿ ಅನ್ನುವ ಈ ಕಡೆಯ ಜಟ್ಟಿ ಎರಡನ್ನೂ ಒಟ್ಟಿಗೆ ಎತ್ತಿ ಸೇತುವೆಯ ಅಗಲ ದಾಟಿದ ಅಂತ ಹೇಳುತ್ತಾರೆ. ಫೋಟೋ ಕಳಿಸಿದೆ. ಅಪ್ಪ ಮೊದಲ ಸಲ ಖುಷಿಯಾದರು. 'ಇದು ನೋಡಪಾ ಆಟ ಅಂದ್ರ. ಎತ್ತೂದು ಸರಿ. ಕಂಬ ಒಗ್ಯೂದು ಯಾಕ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಳೆ ದಾಟಲು ತೊಲೆ ಹಾಕುತ್ತಿದ್ದರು, ಅದರಿಂದ ಬಂತು ಅಂತ ಕೆಲವರು ಹೇಳುತ್ತಾರೆ. ಹನ್ನೊಂದನೇ ಶತಮಾನದ ಮಾಲ್ಕಮ್ ರಾಜ ಓಟದ ಪಂದ್ಯ ಇಡಿಸಿದ, ಅಲ್ಲಿಂದಲೇ ಇದೆಲ್ಲ ಅನ್ನುವ ಕಥೆಯೂ ಇದೆ. ಪ್ರವಾಸಿಗರಿಗೆ ಸಾವಿರ ವರ್ಷದ ಕಥೆ ಚೆನ್ನಾಗಿರುತ್ತದೆ. ನನಗೆ ಹತ್ತಿರದ ಚರಿತ್ರೆಯೇ ದೊಡ್ಡದು ಅನ್ನಿಸುತ್ತದೆ. ಬ್ರಿಟಿಷ್ ಸರ್ಕಾರದ ವಿರುದ್ಧ ದಂಗೆ ಎದ್ದವರು 1746ರಲ್ಲಿ ಕಲೋಡನ್ ಯುದ್ಧ ಸೋತ ಮೇಲೆ ಹೈಲ್ಯಾಂಡಿನ ಗಂಡಸರು ಕಿಲ್ಟ್ ಉಡಬಾರದು ಅಂತ ಕಾನೂನೇ ಬಂತು. 1782ರವರೆಗೆ ಅದು ಇತ್ತು. ಈಗ ಕಾಣುವ ಗೇಮ್ಸ್‌ಗೆ ಈ ರೂಪ ಬಂದದ್ದು ಬಹುಪಾಲು ಆಮೇಲೆ, ಹತ್ತೊಂಬತ್ತನೇ ಶತಮಾನದಲ್ಲಿ. ಇವತ್ತು ಭಾರದ ಆಟಕ್ಕೆ ಇಳಿಯುವವನು ಕಿಲ್ಟ್ ಉಡಲೇಬೇಕು. ಇದು ಗೊತ್ತಾದ ಮೇಲೆ ಆ ಅಜ್ಜಿ ಯಾಕೆ ಅಷ್ಟು ಕಾಳಜಿಯಿಂದ ನೆರಿಗೆ ಸರಿಮಾಡಿಸಿದರು ಅಂತ ಅರ್ಥವಾಯಿತು.

ಪಂದ್ಯ ಒಂದು ಸಣ್ಣ ಊರಿನದು. 7 ಕೆಜಿ ಸುತ್ತಿಗೆ ಎಸೆತದಲ್ಲಿ ಕೊನೆಯವನಾದೆ. ಒಲಿಂಪಿಕ್ಸಿನ ಹಾಗೆ ಇಲ್ಲಿ ಸುತ್ತು ಹೊಡೆಯುವಂತಿಲ್ಲ. ಬೂಟಿನ ತುದಿಯ ಕಬ್ಬಿಣದ ಅಲಗನ್ನು ನೆಲಕ್ಕೆ ನೆಟ್ಟು, ನಿಂತಲ್ಲೇ ಬೀಸಬೇಕು. ನನ್ನ ಬೂಟಿಗೆ ಅಲಗೇ ಇರಲಿಲ್ಲ. ಹೆಚ್ಚು ಹೇಳುವುದು ಬೇಡ.

ಕೊನೆಗೆ ಕೇಬರ್. ರಾತ್ರಿ ಮಳೆ ಬಂದು ಕಂಬ ನೀರು ಕುಡಿದಿತ್ತು. ಮೊದಲ ಸುತ್ತಿನಲ್ಲಿ ನಮ್ಮಲ್ಲಿ ಯಾರಿಂದಲೂ ಪಲ್ಟಿ ಹೊಡೆಸಲಾಗಲಿಲ್ಲ. ಎರಡನೇ ಸುತ್ತೂ ಅಷ್ಟೇ. ಆಗ ತೀರ್ಪುಗಾರರು ಗರಗಸ ತರಿಸಿದರು. ನಾನು ತಮಾಷೆ ಅಂದುಕೊಂಡೆ. ಅಲ್ಲ, ಅದೇ ಪದ್ಧತಿ. ಯಾರಿಗೂ ಆಗದಿದ್ದರೆ ಕಂಬದ ತುದಿ ಕೊಯ್ಯುತ್ತಾರೆ. ಮೊಣಕಾಲುದ್ದದ ತುಂಡು ಕೊಯ್ದು ಪಕ್ಕಕ್ಕೆ ಉರುಳಿಸಿದರು.

ಮೂರನೇ ಸುತ್ತಿನಲ್ಲಿ ಇಬ್ಬರು ದಾಟಿಸಿದರು. ನನ್ನ ಸರದಿ ಬಂತು. ಎತ್ತಿದೆ, ಕಂಬ ನಿಂತಿತು, ಓಡಿದೆ, ಕಿತ್ತೆಸೆದೆ. ಬುಡ ಮೇಲೇರಿತು, ನೆಟ್ಟಗಾಗುವುದಕ್ಕೆ ಚೂರು ಮೊದಲು ನಿಂತಂತಾಯಿತು, ಆಮೇಲೆ ನನ್ನ ಕಡೆಗೇ ವಾಪಸ್ ಬರತೊಡಗಿತು. ಈ ಸಲ ತಬ್ಬಲಿಲ್ಲ. ಓಡಿದೆ.

'80 ಡಿಗ್ರಿ' ಅಂತ ಪಕ್ಕದಿಂದ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನಾನು ಓಡಿದ್ದಕ್ಕೋ ಎಸೆದಿದ್ದಕ್ಕೋ ಗೊತ್ತಾಗಲಿಲ್ಲ.

ಕೊಯ್ದ ತುಂಡನ್ನು ಕೇಳಿ ಮನೆಗೆ ತಂದೆ. ಈಗ ಬಾಗಿಲ ಪಕ್ಕದಲ್ಲಿದೆ. ಕೂತು ಬೂಟಿನ ಲೇಸ್ ಕಟ್ಟಲು ಸರಿಯಾದ ಎತ್ತರ. ವಿಡಿಯೋ ಕಾಲಿನಲ್ಲಿ ಅಪ್ಪ ನೋಡಿ, ಅದರ ತೂಕ ಎಷ್ಟು ಅಂತ ಕೇಳಿದರು.